ಭಾಸ್ಕರಾಚಾರ್ಯರು ಮತ್ತು ಅವರ ಬೀಜಗಣಿತ

ಮುಂಬಯಿಯಿಂದ ಭುಸಾವಳದ ಮಾರ್ಗವಾಗಿ ದಿಲ್ಲಿಗೆ ಪ್ರಯಾಣ ಮಾಡುವ ನಮ್ಮವರು ಚಾಳೀಸಗಾಂವ ನಿಲ್ದಾಣವನ್ನು ಬಲ್ಲರು. ಅಲ್ಲಿಂದ ಕೆಲವು ಮೈಲುಗಳ ದೂರದಲ್ಲಿ, ಬೆಟ್ಟದ ಬುಡದಲ್ಲಿ, ಪಾಟಣವೆಂಬ ಪ್ರಾಚೀನ ಸ್ಥಳವಿದೆ. ಅಲ್ಲಿಯ ಶಿಲಾಶಾಸನವೊಂದನ್ನು ಮುಂಬಯಿಯ ಪ್ರಸಿದ್ಧ ವೈದ್ಯರೂ ಸಂಶೋಧಕರೂ ಆಗಿದ್ದ ಡಾ. ಭಾವು ದಾಜಿಯವರು 1865ರಲ್ಲಿ ವಿದ್ವಾಂಸರ ಗಮನಕ್ಕೆ ತಂದರು. ಭಾಸ್ಕರಾಚಾರ್ಯರ ವಂಶದ ವಿಷಯವಾಗಿ ನಾವು ಬಲ್ಲುದರಲ್ಲಿ ಬಹುಪಾಲು ಈ ಕಲ್ಲಿನಿಂದಲೇ ಬಂದುದು.

ಆಚಾರ್ಯರು ಜನಿಸಿದುದು ಶಕ 1036ರಲ್ಲಿ, ಎಂದರೆ ಕ್ರಿಸ್ತಶಕ 1114ರಲ್ಲಿ. ತಂದೆ ಮಹೇಶ್ವರರೇ ಗುರುಗಳು. ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡವು ತಮ್ಮ ಊರೆಂದು ಆಚಾರ್ಯರೇ ಹೇಳಿಕೊಂಡಿರುವರು. ಅದು ಇಂದಿನ ವಿಜಯಪುರವೇ ಎಂದು ಕನ್ನಡಿಗರಲ್ಲಿ ಅನೇಕರ ನಂಬಿಕೆ. ಆದರೆ ವಿಜಯಪುರವು ಸಹ್ಯಾದ್ರಿಗೆ ಬಹುದೂರದ ಬಯಲುನಾಡು. ಮನೆತನದ ಶಾಸನವೋ ಖಾನದೇಶದಲ್ಲಿದೆ. ಅಭಿಮಾನಕ್ಕಾಗಿ ಬೆಟ್ಟವನ್ನು ಕದಲಿಸುವುದು ತರವಲ್ಲವೆಂದು ಈ ಲೇಖಕನ ಅಭಿಪ್ರಾಯ.

1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಅವರು 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯಗಳೆಂದು ಅದಕ್ಕೆ ನಾಲ್ಕು ಭಾಗಗಳು. ಲೀಲಾವತಿಯು ಅವರ ಮಗಳೆಂಬ ಕರುಣ ಕಥೆಯು ಎಲ್ಲರ ಬಾಯಲ್ಲೂ ಇದೆ. ಅದು ಕಾಣಿಸಿಕೊಳ್ಳುವುದು ನಾಲ್ಕು ಶತಮಾನಗಳ ತರುವಾಯ, ಅಕ್ಬರನ ಆಸ್ಥಾನಕವಿ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ. ಶಾಸನವು ಮಗ ಲಕ್ಷ್ಮೀಧರನನ್ನು ಹೆಸರಿಸುತ್ತದೆ. ಮಗಳ ಮಾತೇ ಅಲ್ಲಿಲ್ಲ.

ಆಚಾರ್ಯರ ಬುದ್ಧಿಯ ಬಗೆಯನ್ನರಿಯಲು ಬೀಜಗಣಿತದ ಭಾಗವೇ ಸರಿಯಾದ ದಾರಿ. ಅಲ್ಲಿಯ ಒಂದು ಲೆಕ್ಕವನ್ನು ವಾಚಕರು ನೋಡಬೇಕು. ಒಬ್ಬನಲ್ಲಿ 300 ನಾಣ್ಯಗಳೂ 6 ಕುದುರೆಗಳೂ ಇವೆ. ಇನ್ನೊಬ್ಬನಲ್ಲಿ ಅದೇ ಬೆಲೆಯ 10 ಕುದುರೆಗಳಿವೆ, ಆದರೆ 100 ನಾಣ್ಯಗಳ ಸಾಲವಿದೆ. ಇಬ್ಬರೂ ಸಮಾನ ಧನಿಕರು, ಕುದುರೆಯ ಬೆಲೆಯೆಷ್ಟು? ತಿಳಿಯದ ಬೆಲೆಗೆ 'ಯಾವತ್ತಾವತ್' ಎಂದು ಹೆಸರು. ಬರೆಯುವಾಗ ಬರಿಯ 'ಯಾ'. ತಿಳಿದ ಸಂಖ್ಯೆಗೆ 'ರೂ'. ಮೇಲೆ ಯಾ 6 ರೂ 300. ಅದರ ಕೆಳಗೆ ಯಾ 10 ರೂ 100, ಸಾಲವೆಂಬುದರ ಗುರುತಾಗಿ 100ರ ತಲೆಯ ಮೇಲೊಂದು ಚುಕ್ಕೆ. ಇಂದಿನ ಸಮಚಿಹ್ನೆ ಅವರಲ್ಲಿರಲಿಲ್ಲ. ಎರಡು ಪಕ್ಷಗಳಿಂದಲೂ ಆರಾರು ಕುದುರೆಗಳನ್ನು ಕಳೆದರೆ ಒಂದೆಡೆ 300 ನಾಣ್ಯ, ಇನ್ನೊಂದೆಡೆ 4 ಕುದುರೆಗಳೂ ಸಾಲವೂ ಉಳಿಯುವುವು. ಎರಡಕ್ಕೂ ನೂರು ಕೂಡಿಸಿದರೆ ಸಾಲ ತೀರಿತು. 4 ಕುದುರೆಗಳಿಗೆ 400. ಒಂದರ ಬೆಲೆ 100. ಒಬ್ಬೊಬ್ಬನ ಸಂಪತ್ತು 900. ಒಂದು ಪಕ್ಷಕ್ಕೆ ಮಾಡಿದುದನ್ನು ಇನ್ನೊಂದಕ್ಕೂ ತಪ್ಪದೆ ಮಾಡಬೇಕೆಂಬ ಈ ನಿಯಮವೇ ಸಮಶೋಧನ. ಇಂದಿನ ಶಾಲೆಗಳಲ್ಲಿ ಮಕ್ಕಳು ಕಲಿಯುವುದೂ ಇದನ್ನೇ. ಅವ್ಯಕ್ತಗಳು ಹಲವಾದರೆ ಕಾಲಕ, ನೀಲಕ, ಪೀತಕವೆಂದು ಬಣ್ಣಗಳ ಹೆಸರುಗಳು.

ಆದರೆ ನಿಯಮ ಕೊಟ್ಟ ಉತ್ತರವನ್ನೆಲ್ಲ ಅವರು ಕಣ್ಣುಮುಚ್ಚಿ ಒಪ್ಪಿದವರಲ್ಲ. ಕಪಿಗಳ ಹಿಂಡೊಂದರ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು, ಬಂದುದನ್ನು ವರ್ಗಮಾಡಿದಷ್ಟು ಕಪಿಗಳು ಗುಹೆ ಸೇರಿದವು. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಸಮೀಕರಣವು 50, 5 ಎಂದು ಎರಡು ಉತ್ತರಗಳನ್ನು ಕೊಡುತ್ತದೆ. ಐದೆಂದರೆ ಐದನೆಯ ಭಾಗ ಒಂದು; ಅದರಿಂದ ಮೂರು ಕಳೆಯುವುದೆಂತು? ಲೋಕವು ಋಣಸಂಖ್ಯೆಯ ಕಪಿಗಳನ್ನು ಒಪ್ಪದೆಂದು ಆಚಾರ್ಯರು ಐದನ್ನು ಕೈಬಿಟ್ಟರು. ಸಾಲದಲ್ಲಿ ಋಣಕ್ಕೆ ಅರ್ಥವುಂಟು, ಹಿಂಡಿನಲ್ಲಿಲ್ಲ.

ತಾವು ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭರ ವಿಸ್ತಾರ ಗ್ರಂಥಗಳ ಸಾರವನ್ನು ಸಂಗ್ರಹಿಸಿದೆವೆಂದು ಅವರು ಮರೆಮಾಚದೆ ತಿಳಿಸಿರುವರು. ಶ್ರೀಧರನ ಬೀಜಗಣಿತವು ಇಂದು ಲುಪ್ತವಾಗಿದೆ; ವರ್ಗಸಮೀಕರಣಕ್ಕೆ ಅವನು ಹೇಳಿದ ಕ್ರಮವು ನಮಗುಳಿದುದು ಭಾಸ್ಕರರ ಪ್ರಾಮಾಣಿಕತೆಯಿಂದ. ಚಕ್ರವಾಲ ವಿಧಾನವನ್ನು ಹಿಂದಿನ ಜಯದೇವನೂ ಬಲ್ಲನು. ಅದನ್ನು ಬಳಸಿದ ಬಗೆಯಲ್ಲಿ ಭಾಸ್ಕರರ ಪ್ರೌಢಿಮೆ ಕಾಣುವುದು. ಯಾವ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಮತ್ತೊಂದು ವರ್ಗವಾಗುವುದು? ಅವರು ಕಂಡುಹಿಡಿದ ಮೂಲಗಳು 22,61,53,980 ಮತ್ತು 1,76,63,19,049. ಇವಕ್ಕಿಂತ ಚಿಕ್ಕವಿಲ್ಲ. ಫ್ರಾನ್ಸಿನ ಫರ್ಮಾ ಇದೇ 61ನ್ನು ತನ್ನ ಕಾಲದ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದುದು 1657ರಲ್ಲಿ. ಕೋಲ್‌ಬ್ರೂಕನು ಆಚಾರ್ಯರ ಬೀಜಗಣಿತವನ್ನು ಸಂಸ್ಕೃತದಿಂದ ಇಂಗ್ಲಿಷಿಗೆ ತಂದುದು 1817ರಲ್ಲಿ.

1183ರಲ್ಲಿ, 69 ವರ್ಷದ ವೃದ್ಧರಾಗಿ, ಪಂಚಾಂಗದ ಗಣನೆಗೆ ನೆರವಾಗುವ 'ಕರಣ ಕುತೂಹಲ'ವನ್ನು ಬರೆದರು. ಮಗ ಲಕ್ಷ್ಮೀಧರನನ್ನು ದೇವಗಿರಿಯ ದೊರೆ ಜೈತ್ರಪಾಲನು ಕರೆದೊಯ್ದು ಪಂಡಿತಮುಖ್ಯನನ್ನಾಗಿ ಮಾಡಿದನು. ಮೊಮ್ಮಗ ಚಾಂಗದೇವನು ಸಿಂಘಣನ ಆಸ್ಥಾನ ಜ್ಯೋತಿಷಿ. ಅಜ್ಜನ ಗ್ರಂಥಗಳ ಪಾಠ ನಡೆಯಲೆಂದೇ ಅವನು ಪಾಟಣದಲ್ಲಿ ಒಂದು ಮಠವನ್ನು ಕಟ್ಟಿಸಿದನು. ನಿಕುಂಭ ವಂಶದ ಸೋಯಿದೇವನು ಶಕ 1128ರಲ್ಲಿ ಅದಕ್ಕೆ ದತ್ತಿ ಬಿಟ್ಟನು. ಶಾಸನದ ಸಂಸ್ಕೃತ ಪದ್ಯಗಳು ಮುಗಿದ ಮೇಲೆ, ಊರವರಿಗೆ ತಿಳಿಯಲೆಂದೋ ಏನೋ, ಕೊನೆಯ ಸಾಲುಗಳು ಹಳೆಯ ಮರಾಠಿಯಲ್ಲಿವೆ: ಪೇಟೆಯ ಸುಂಕದಲ್ಲಿ ಪಾಲು, ಗಾಣಗಳಿಂದ ಎಣ್ಣೆ, ಮಠಕ್ಕೆ ಸಲ್ಲತಕ್ಕದ್ದು.