ಜುಬೈದಾ ಬೇಗಂ ಮಕ್ಕಾಗೆ ತಂದ ನೀರು

ಜುಬೈದಾ ಎಂಬ ಹೆಸರಿನವರು ನಮ್ಮಲ್ಲಿ ಮೊಹಲ್ಲಾಗೊಬ್ಬರಾದರೂ ಇರುತ್ತಾರೆ. ಆದರೆ ಆ ಹೆಸರಿನ ರಾಣಿ ಯಾರು ಎಂದು ಕೇಳಿದರೆ ಹಾರೂನ್ ರಶೀದರ ಬೇಗಂ ಎಂದಷ್ಟೇ ಹೇಳುತ್ತೇವೆ. ನಮ್ಮ ಮನೆಯಲ್ಲಿ ಉರ್ದು ಮಾತು. ಹಾಗಾಗಿ ನಹರ್-ಎ-ಜುಬೈದಾ, ಅಂದರೆ ಜುಬೈದಾ ಕಾಲುವೆ ಎಂಬ ಹೆಸರನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕಾಮರ್ಸ್ ಓದಲು ಶುರುಮಾಡಿದ ಮೇಲೆ ಆ ಕಾಲುವೆಯ ಕಥೆಯಲ್ಲಿ ನನಗೆ ಬೆಲೆ, ಬೇಡಿಕೆ, ಖರ್ಚು ಎಲ್ಲವೂ ಕಾಣಿಸಿತು. ಅದಕ್ಕೇ ಅವರ ಜೀವನದ ಬಗ್ಗೆ ಬರೆಯುತ್ತಿದ್ದೇನೆ.

ಬಾಗ್ದಾದ್ ನಗರವನ್ನು ಕಟ್ಟಿಸಿದ ಅಬ್ಬಾಸಿ ಖಲೀಫ ಮನ್ಸೂರ್ ಇವರ ತಾತ. ಹುಟ್ಟಿದಾಗ ಇಟ್ಟ ಹೆಸರು ಅಮತುಲ್ ಅಜೀಜ್. ಮಗು ಬೆಳ್ಳಗೆ ದುಂಡಗೆ ಇದ್ದುದರಿಂದ ತಾತ ಜುಬೈದಾ ಎಂದು ಕರೆದರಂತೆ. ಅರಬ್ಬಿಯಲ್ಲಿ ಅದಕ್ಕೆ ಬೆಣ್ಣೆಯ ಪುಟ್ಟ ಮುದ್ದೆ ಎಂದರ್ಥ. ಆ ಹೆಸರೇ ಉಳಿಯಿತು. ತಂದೆಯ ಸೋದರನ ಮಗನಾದ ಹಾರೂನ್ ರಶೀದರೊಂದಿಗೆ ಮದುವೆಯಾಯಿತು. ಹಾರೂನ್ 786ರಲ್ಲಿ ಖಲೀಫರಾದರು. ಜುಬೈದಾ ಅವರ ಅರಮನೆಯಲ್ಲಿ ನೂರು ಜನ ಸೇವಕಿಯರು ಕುರ್‌ಆನ್ ಓದುತ್ತಿದ್ದರು, ಆ ಧ್ವನಿ ಜೇನುಗೂಡಿನ ಸದ್ದಿನಂತೆ ಕೇಳುತ್ತಿತ್ತು ಎಂದು ಹಳೆಯ ಚರಿತ್ರೆಗಳಲ್ಲಿದೆ.

ಆ ಕಾಲಕ್ಕೆ ಇಸ್ಲಾಂ ದೂರದೂರದ ದೇಶಗಳಿಗೆ ಹಬ್ಬಿತ್ತು. ವರ್ಷದಿಂದ ವರ್ಷಕ್ಕೆ ಹಾಜಿಗಳು ಹೆಚ್ಚಾದರು. ಆದರೆ ಮಕ್ಕಾ ಒಣ ಬೆಟ್ಟಗಳ ನಡುವಿನ ಕಣಿವೆ. ಅಲ್ಲಿ ನದಿ ಇಲ್ಲ, ಮಳೆ ಕಡಿಮೆ. ಝಮ್‌ಝಮ್ ಬಾವಿ ಇದ್ದರೂ ಅಷ್ಟು ಜನರ ಎಲ್ಲ ಅಗತ್ಯಕ್ಕೂ ನೀರು ಸಾಲುತ್ತಿರಲಿಲ್ಲ. ಜನ ಹೆಚ್ಚಾಗಿ ನೀರು ಅಷ್ಟೇ ಇದ್ದರೆ ಏನಾಗುತ್ತದೆ ಎಂದು ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿಯೇ ಇದೆ. ಬೆಲೆ ಏರುತ್ತದೆ. ಒಂದು ಮಶಕ್, ಅಂದರೆ ಒಂದು ಚರ್ಮದ ಚೀಲ ನೀರಿಗೆ ಒಂದು ದಿನಾರ್ ಆಗಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ದಿನಾರ್ ಎಂದರೆ ಸುಮಾರು 4.25 ಗ್ರಾಂ ಚಿನ್ನದ ನಾಣ್ಯ. ಬಡ ಹಾಜಿ ಏನು ಮಾಡಬೇಕು?

ರಾಣಿಗೆ ಸುಲಭದ ದಾರಿಯೊಂದಿತ್ತು. ದುಡ್ಡು ಕೊಟ್ಟು ಸಾವಿರ ಮಶಕ್ ನೀರು ಕೊಂಡು ಹಂಚಿಬಿಡಬಹುದಿತ್ತು. ಆದರೆ ಅದರಿಂದ ಊರಿಗೆ ಹೊಸದಾಗಿ ಒಂದು ಹನಿ ನೀರೂ ಬರುತ್ತಿರಲಿಲ್ಲ. ಜುಬೈದಾ ಅವರು ನೀರನ್ನೇ ಊರಿಗೆ ತರಿಸಿದರು. ಮಕ್ಕಾದಿಂದಾಚೆ ಹುನೈನ್ ಕಡೆ ಇದ್ದ ಚಿಲುಮೆಯ ಜಾಗವನ್ನು ಕೊಂಡು, ಬಂಡೆ ಕಡಿಸಿ, ಹತ್ತು ಮೈಲಿ ನೀರು ಹರಿಸಿದರು. ಪಂಪು, ಕರೆಂಟು ಇಲ್ಲದ ಕಾಲ. ಎತ್ತರದಿಂದ ತಗ್ಗಿಗೆ ನೀರು ತಾನಾಗಿಯೇ ಹರಿಯುವಂತೆ ಇಳಿಜಾರನ್ನು ಅಳೆದು ಕಾಲುವೆ ಮಾಡಬೇಕಿತ್ತು. ದಾರಿಯಲ್ಲಿನ ಸಣ್ಣ ಚಿಲುಮೆಗಳನ್ನೂ ಅದಕ್ಕೆ ಸೇರಿಸಿದರು.

ಖರ್ಚು ಬಹಳವಾಗುತ್ತದೆ ಎಂದು ಖಜಾನೆ ನೋಡಿಕೊಳ್ಳುವವರು ಎಚ್ಚರಿಸಿದಾಗ, ಗುದ್ದಲಿಯ ಒಂದೊಂದು ಏಟಿಗೆ ಒಂದೊಂದು ದಿನಾರ್ ಆದರೂ ಸರಿ, ಕೆಲಸ ನಿಲ್ಲಬಾರದು ಎಂದರಂತೆ. ಒಟ್ಟು ಖರ್ಚು 17 ಲಕ್ಷ ಮಿಸ್ಕಾಲ್ ಚಿನ್ನ ಎಂದು ಹಳೆಯ ಬರಹಗಳು ಹೇಳುತ್ತವೆ. ಕೆಲಸ ಮುಗಿದು ಲೆಕ್ಕದ ಪುಸ್ತಕಗಳು ಬಂದಾಗ ಅವುಗಳನ್ನು ಟೈಗ್ರಿಸ್ ನದಿಗೆ ಹಾಕಿಸಿ, ಲೆಕ್ಕವನ್ನು ಲೆಕ್ಕದ ದಿನಕ್ಕೇ ಬಿಟ್ಟರು ಎಂಬ ಕಥೆಯೂ ಇದೆ. ಲೆಡ್ಜರ್ ಬರೆಯುವ ನಮಗೆ ಇದನ್ನು ಕೇಳಿದರೆ ಗಾಬರಿಯಾಗುತ್ತದೆ! ಆದರೆ ಅದು ಅವರ ಸ್ವಂತ ಹಣ. ನಮ್ಮ ಜಮಾಅತ್‌ಗಳ ಹಣಕ್ಕೆ ಲೆಕ್ಕ ಬೇಕೇ ಬೇಕು.

ಇರಾಕಿನ ಕೂಫಾದಿಂದ ಮಕ್ಕಾವರೆಗಿನ ಮರುಭೂಮಿ ದಾರಿಯಲ್ಲೂ ಅವರು ಬಾವಿ, ಕೊಳ, ತಂಗುದಾಣಗಳನ್ನು ಮಾಡಿಸಿದರು. ಅದಕ್ಕೆ ಇಂದಿಗೂ ದರ್ಬ್ ಜುಬೈದಾ ಎಂದೇ ಹೆಸರು. ಸುಮಾರು ನಾಲ್ಕು ಶತಮಾನಗಳ ನಂತರ ಆ ದಾರಿಯಲ್ಲಿ ಬಂದ ಪ್ರವಾಸಿ ಇಬ್ನ್ ಜುಬೈರ್, ಈ ಕೊಳಗಳಿಲ್ಲದಿದ್ದರೆ ಯಾರೂ ಆ ದಾರಿ ಹಿಡಿಯಲಾಗುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದಿದ್ದಾರೆ.

ಜುಬೈದಾ ಅವರ ಬದುಕು ಸುಖದಲ್ಲೇ ಮುಗಿಯಲಿಲ್ಲ. 809ರಲ್ಲಿ ಹಾರೂನ್ ತೀರಿಕೊಂಡರು. ಮಗ ಅಮೀನ್ ಖಲೀಫನಾದರೂ ಮಲಸಹೋದರ ಮಾಮೂನ್ ಜೊತೆಗಿನ ಯುದ್ಧದಲ್ಲಿ 813ರಲ್ಲಿ ಕೊಲೆಯಾದ. 831ರಲ್ಲಿ ಅವರು ಬಾಗ್ದಾದಿನಲ್ಲಿ ವಫಾತ್ ಆದರು. ಮಗನ ಗದ್ದುಗೆ ನಾಲ್ಕು ವರ್ಷ ಉಳಿಯಿತು. ಕಾಲುವೆ ಶತಮಾನಗಳ ಕಾಲ ಉಳಿಯಿತು.

ಅದೂ ತಾನಾಗಿಯೇ ಉಳಿಯಲಿಲ್ಲ. ಪ್ರವಾಹ ಬಂದಾಗ ಒಡೆಯಿತು, ಹೂಳು ತುಂಬಿತು, ಮತ್ತೆ ಮತ್ತೆ ರಿಪೇರಿಯಾಯಿತು. 16ನೇ ಶತಮಾನದಲ್ಲಿ ಉಸ್ಮಾನಿ ಸುಲ್ತಾನ್ ಸುಲೈಮಾನರ ಮಗಳು ಮಿಹ್ರಿಮಾ ದೊಡ್ಡ ರಿಪೇರಿಗೆ ತಮ್ಮ ಹಣ ಕೊಟ್ಟರು. ಒಬ್ಬ ಹೆಣ್ಣುಮಗಳು ಕಟ್ಟಿಸಿದ್ದನ್ನು ಏಳುನೂರು ವರ್ಷಗಳ ನಂತರ ಇನ್ನೊಬ್ಬ ಹೆಣ್ಣುಮಗಳು ಉಳಿಸಿದರು. ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳಿದರೆ ಬಂಡವಾಳ ವೆಚ್ಚ ಒಂದು ಸಲ ಮಾಡಿದರೆ ಸಾಲದು. ನಿರ್ವಹಣೆಯ ಖರ್ಚು ನಿಂತರೆ ಆಸ್ತಿಯೂ ಹೋಗುತ್ತದೆ.

ನಮ್ಮ ಊರುಗಳೂ ಬೆಳೆಯುತ್ತಿವೆ. ಬಡಾವಣೆ ಮೊದಲು ಬರುತ್ತದೆ, ನಲ್ಲಿ ಆಮೇಲೆ. ಬೇಸಿಗೆಯಲ್ಲಿ ದಾನಿಗಳು ಮೊಹಲ್ಲಾಗಳಿಗೆ ಟ್ಯಾಂಕರ್ ಕಳಿಸುತ್ತಾರೆ, ಸಬೀಲ್ ಇಡುತ್ತಾರೆ. ಬಾಯಾರಿದವರಿಗೆ ಅದು ಬೇಕು. ಆದರೆ ಸಂಜೆಗೆ ಆ ನೀರು ಮುಗಿಯುತ್ತದೆ, ಮರುದಿನ ಮತ್ತೆ ಟ್ಯಾಂಕರ್ ಬೇಕು. ಸದಕಾ-ಎ-ಜಾರಿಯಾ ಎಂದರೆ ಕೊಟ್ಟವರು ಹೋದ ಮೇಲೂ ನಡೆಯುತ್ತಿರುವ ದಾನ. ಟ್ಯಾಂಕರಿಗೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಹಳೆಯ ಬಾವಿಯ ಹೂಳು ತೆಗೆಯಲು, ಮಸೀದಿ ಮತ್ತು ಶಾಲೆಯ ಛಾವಣಿಯ ಮಳೆನೀರು ಹಿಡಿಯಲು, ಅದರ ಪೈಪು ವರ್ಷಕ್ಕೊಮ್ಮೆ ಸ್ವಚ್ಛ ಮಾಡಿಸಲು ತೆಗೆದಿಡಬಹುದು. ಅದರ ಲೆಕ್ಕ ಬರೆಯಲು ಕಾಮರ್ಸ್ ವಿದ್ಯಾರ್ಥಿಗಳಾದ ನಾವಿದ್ದೇವೆ.