ಅಂಬವ್ವನ ಮಗ: ವರಕವಿ ಬೇಂದ್ರೆಯವರ ಮನೆಯವರು ತೆತ್ತ ಬೆಲೆ

ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೋದವರಿಗೆ ಅಲ್ಲಿನ ಕಾಲೇಜುಗಳ ಸುತ್ತಮುತ್ತ ಒಂದು ದೃಶ್ಯ ಕಾಣಸಿಗುತ್ತದೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯ ಹಳ್ಳಿಗಳಿಂದ ಮಕ್ಕಳ ಓದಿಗೆಂದು ಪೇಟೆಗೆ ಬಂದು ನೆಲೆಸಿದ ಕುಟುಂಬಗಳು ಅಲ್ಲಿವೆ. ಅಪ್ಪ ಊರಲ್ಲೇ ಉಳಿದು ರಾಗಿ, ಆಲೂಗೆಡ್ಡೆ, ದನಕರು ನೋಡಿಕೊಳ್ಳುತ್ತಾನೆ. ಅಮ್ಮ ಮಕ್ಕಳ ಜೊತೆ ಬಾಡಿಗೆ ಮನೆಯಲ್ಲಿದ್ದು, ಬೆಳಿಗ್ಗೆ ಯಾವುದೋ ಮೆಸ್ಸಿನಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಾಳೆ. ಪರರ ಮಕ್ಕಳಿಗೆ ಬಡಿಸಿದ ಮೇಲೆ ತನ್ನ ಮಕ್ಕಳ ಊಟ. ಘಾಟಿಯ ಕೆಳಗೆ ನಮ್ಮ ಕರಾವಳಿಯ ಪಟ್ಟಣಗಳಲ್ಲೂ ಇಂಥ ತಾಯಂದಿರು ಕಡಿಮೆಯೇನಿಲ್ಲ.

ಇವರನ್ನು ಕಂಡಾಗಲೆಲ್ಲ, ನೂರು ವರ್ಷಕ್ಕೂ ಹಿಂದೆ ಧಾರವಾಡದಲ್ಲಿ ಇದೇ ರೀತಿ ಒಲೆಯ ಮುಂದೆ ನಿಂತು ಮಗನನ್ನು ಬೆಳೆಸಿದ ಒಬ್ಬ ತಾಯಿ ನಮಗೆ ನೆನಪಾಗುತ್ತಾರೆ. ಅವರ ಹೆಸರು ಅಂಬವ್ವ. ಅವರ ಮಗನೇ ಕನ್ನಡ ನಾಡು ವರಕವಿ ಎಂದು ಕರೆದ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಬೇಂದ್ರೆಯವರ ಕಾವ್ಯದ ಬಗ್ಗೆ ಬರೆದವರು ಅನೇಕರಿದ್ದಾರೆ. ನಾವಿಲ್ಲಿ ಹೇಳಹೊರಟಿರುವುದು ಆ ಕಾವ್ಯಕ್ಕಾಗಿ ಅವರ ಮನೆಯವರು ತೆತ್ತ ಬೆಲೆಯ ಬಗ್ಗೆ.

ಬೇಂದ್ರೆ ಮನೆತನದವರು ವೈದಿಕ ವೃತ್ತಿಯವರು. ಅವರ ಮೂಲ ಹೆಸರು ಠೋಸರ. ಬೇಂದ್ರೆಯವರ ಪೂರ್ವಜರು ಬಂದು ನೆಲೆಸಿದ್ದು ಗದಗಿನ ಹತ್ತಿರದ ಶಿರಹಟ್ಟಿಯಲ್ಲಿ. ಆ ಊರು ಅಂದು ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಂದ ಮನೆತನ ಧಾರವಾಡಕ್ಕೆ ಬಂತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಕನ್ನಡಿಗರ ಪಾಲಿಗೆ ವಿದ್ಯೆಯ ಊರಾಗಿ ಬೆಳೆಯುತ್ತಿತ್ತು. ಬಾಸೆಲ್ ಮಿಶನ್ನಿನ ಶಾಲೆಯಿತ್ತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿಕೊಂಡಿತ್ತು. ಆ ಊರಿನಲ್ಲಿ 1896ರ ಜನವರಿ 31ರಂದು ದತ್ತಾತ್ರೇಯ ಜನಿಸಿದರು.

ಅಜ್ಜ ಸಂಸ್ಕೃತ ಪಂಡಿತರು, ತಂದೆ ರಾಮಚಂದ್ರ ಭಟ್ಟರೂ ಸಂಸ್ಕೃತ ಬಲ್ಲವರು. ಮನೆಯಲ್ಲಿ ವಿದ್ಯೆಗೆ ಬರವಿರಲಿಲ್ಲ, ಹಣಕ್ಕೆ ಇತ್ತು. ಹುಡುಗ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿದ್ದಾಗ ತಂದೆ ಗಂಡಮಾಲೆ ರೋಗದಿಂದ ತೀರಿಕೊಂಡರು. ಹಳ್ಳಿಯಲ್ಲಾದರೆ ಬಂಧುಗಳ ಆಸರೆ, ಅಷ್ಟಿಷ್ಟು ಕಾಳುಕಡಿ ಸಿಗುತ್ತಿತ್ತೇನೋ. ಪೇಟೆಯಲ್ಲಿ ಎಲ್ಲವನ್ನೂ ದುಡ್ಡು ಕೊಟ್ಟೇ ತರಬೇಕು. ಅಂಥ ಹೊತ್ತಿನಲ್ಲಿ ಮನೆಗೆ ಆಧಾರವಾದದ್ದು ಖಾನಾವಳಿ. ಅಜ್ಜಿ ಮತ್ತು ತಾಯಿ ಇಬ್ಬರೂ ಒಲೆ ಹೊತ್ತಿಸಿ ಹೊರಗಿನವರಿಗೆ ಊಟ ಹಾಕಿ ಸಂಸಾರ ನಡೆಸಿದರು.

ಇದನ್ನು ಇಂದು ಸಲೀಸಾಗಿ ಓದಿಬಿಡುತ್ತೇವೆ. ಆದರೆ ಆ ಕಾಲದಲ್ಲಿ ಪಂಡಿತರ ಮನೆಯ ಗಂಡನಿಲ್ಲದ ಹೆಂಗಸು ದುಡ್ಡು ಪಡೆದು ಪರರಿಗೆ ಅನ್ನ ಬಡಿಸುವುದು ಸುಲಭದ ಮಾತಾಗಿರಲಿಲ್ಲ. ದುಡಿಮೆಯ ಆಯಾಸ ಒಂದು ಕಡೆ, ನಾಲ್ಕು ಜನರ ಮಾತು ಇನ್ನೊಂದು ಕಡೆ. ಅವೆರಡನ್ನೂ ಈ ಹೆಂಗಸರು ಹೊತ್ತುಕೊಂಡರು. ಹುಡುಗನ ಓದು ಮಾತ್ರ ನಿಲ್ಲಲಿಲ್ಲ.

1913ರಲ್ಲಿ ದತ್ತಾತ್ರೇಯರು ಮೆಟ್ರಿಕ್ ಪಾಸಾದರು. ಮುಂದೇನು? ಧಾರವಾಡದಲ್ಲಿ ಆಗ ಪದವಿ ಕಾಲೇಜು ಇರಲಿಲ್ಲ. ಕರ್ನಾಟಕ ಕಾಲೇಜು ಶುರುವಾದದ್ದೇ 1917ರಲ್ಲಿ. ಪದವಿ ಬೇಕೆಂದರೆ ಪುಣೆಗೆ ಹೋಗಬೇಕು. ಖಾನಾವಳಿಯ ಆದಾಯದಲ್ಲಿ ಅದು ಆಗುವ ಹಾಗಿರಲಿಲ್ಲ. ಆಗ ಚಿಕ್ಕಪ್ಪ ಬಂಡೋಪಂತರು ನೆರವಿಗೆ ನಿಂತರು. ಅಣ್ಣನ ಮಗನ ಓದಿನ ಭಾರವನ್ನು ಅವರು ತಮ್ಮದೆಂದುಕೊಂಡರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬೇಂದ್ರೆ ಬಿ.ಎ. ಪದವಿ ಪಡೆದರು. ಧಾರವಾಡಕ್ಕೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಅಧ್ಯಾಪಕರಾದರು. 1919ರಲ್ಲಿ ಲಕ್ಷ್ಮೀಬಾಯಿಯವರನ್ನು ಮದುವೆಯಾದರು.

ಮಗನಿಗೆ ಕೆಲಸ ಸಿಕ್ಕಿತು, ಇನ್ನು ಮನೆಯ ಕಷ್ಟ ತೀರಿತು ಎಂದು ಯಾರಾದರೂ ಅಂದುಕೊಳ್ಳಬಹುದು. ಹಾಗಾಗಲಿಲ್ಲ. ಬೇಂದ್ರೆಯವರ ಮನಸ್ಸು ಸಂಬಳದ ಲೆಕ್ಕದಲ್ಲಿ ನಿಲ್ಲುವಂಥದ್ದಲ್ಲ. 1922ರ ಹೊತ್ತಿಗೆ ಅವರ ಸುತ್ತ ಗೆಳೆಯರ ಗುಂಪು ಕೂಡಿಕೊಂಡಿತು. ಸಾಹಿತ್ಯ, ನಾಡಹಬ್ಬ, ಸ್ವಾತಂತ್ರ್ಯದ ಕನಸು ಎಲ್ಲವೂ ಅಲ್ಲಿತ್ತು. ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು 1932ರಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿಗೆ ಕಳಿಸಿತು. ಆಮೇಲೆ ಧಾರವಾಡದ ಹತ್ತಿರದ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿ ಇಟ್ಟಿತು. ಕೆಲಸ ಹೋಯಿತು. ಹೊರಬಂದ ಮೇಲೂ ಬಹಳ ಕಾಲ ನೆಲೆಯಾದ ನೌಕರಿ ಸಿಗಲಿಲ್ಲ.

ಜೈಲು ಕಂಡದ್ದು ಕವಿ. ಆದರೆ ದುಡಿಮೆಯಿಲ್ಲದ ಮನೆಯನ್ನು ದಿನದಿನವೂ ನಡೆಸಬೇಕಾದವರು ಲಕ್ಷ್ಮೀಬಾಯಿ. ಹಿಂದೆ ಅಂಬವ್ವ ಹೊತ್ತ ಭಾರ ಈಗ ಇವರ ಹೆಗಲಿಗೆ ಬಂತು. ಇದರ ಜೊತೆಗೆ ಇನ್ನೊಂದು ದುಃಖ. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರನ್ನು ಈ ದಂಪತಿ ಕಳೆದುಕೊಂಡರು. ಆ ನೋವು ಬೇಂದ್ರೆಯವರ ಕವಿತೆಗಳಲ್ಲಿ ಹರಿದು ಓದಿದವರ ಕಣ್ಣು ತೇವ ಮಾಡಿತು. ಕವಿಗೆ ನೋವು ಹೇಳಿಕೊಳ್ಳಲು ಪದ್ಯವಿತ್ತು. ಲಕ್ಷ್ಮೀಬಾಯಿಯವರಿಗೆ ಏನಿತ್ತು ಎಂದು ನಾವು ಕೇಳಿಕೊಳ್ಳುವುದು ಕಡಿಮೆ.

ಕಷ್ಟದ ಆ ವರ್ಷಗಳಲ್ಲೇ, 1935ರಲ್ಲಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ ಬೇಂದ್ರೆ ಎಂ.ಎ. ಮುಗಿಸಿದರು. 1944ರಲ್ಲಿ ಹೊಟ್ಟೆಪಾಡಿಗಾಗಿ ಮತ್ತೆ ಊರು ಬಿಡಬೇಕಾಯಿತು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾ 1956ರವರೆಗೆ ಹನ್ನೆರಡು ವರ್ಷ ಅಲ್ಲಿ ಕಳೆದರು. ನಂತರ ಧಾರವಾಡಕ್ಕೆ ಹಿಂತಿರುಗಿ ಸಾಧನಕೇರಿಯ ಮನೆಯಲ್ಲಿ ನೆಲೆಸಿದರು. ‘ಅರಳು ಮರಳು’ ಸಂಗ್ರಹಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ನಾಕುತಂತಿ’ಗಾಗಿ 1973ರ ಜ್ಞಾನಪೀಠ ಪ್ರಶಸ್ತಿ ಬಂದವು. ಕುವೆಂಪು ಅವರ ನಂತರ ಜ್ಞಾನಪೀಠ ಪಡೆದ ಎರಡನೆಯ ಕನ್ನಡಿಗರು ಅವರು. 1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ನಿಧನರಾದರು.

ಈ ಎಲ್ಲ ಗೌರವಗಳಿಗಿಂತ ನಮಗೆ ದೊಡ್ಡದಾಗಿ ಕಾಣುವುದು ಬೇರೊಂದು ಸಂಗತಿ. ಬೇಂದ್ರೆಯವರು ತಮ್ಮ ಕಾವ್ಯಕ್ಕೆ ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ. ಅಂದರೆ ಅಂಬಿಕೆಯ ಮಗ ದತ್ತ. ಊರಿನ ಹೆಸರು, ತಂದೆಯ ಹೆಸರು ಸೇರಿಸಿಕೊಳ್ಳುವುದು ವಾಡಿಕೆ. ಇವರು ತಾಯಿಯ ಹೆಸರನ್ನು ಮುಂದಿಟ್ಟರು. ವಿಶ್ವಮಾತೆ, ಭೂಮಾತೆ, ಭಾರತಮಾತೆ, ಕನ್ನಡಮಾತೆ ಎಂದು ಎಣಿಸಿ, ಹೆತ್ತ ತಾಯಿಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದವರು ಅವರು. ಖಾನಾವಳಿಯ ಹೊಗೆಯಲ್ಲಿ ಯಾರಿಗೂ ತಿಳಿಯದೆ ಕರಗಿಹೋಗಬಹುದಾಗಿದ್ದ ಒಬ್ಬ ಹೆಂಗಸಿನ ಹೆಸರು ಇಂದು ಕನ್ನಡ ಓದುವ ಪ್ರತಿಯೊಂದು ಮಗುವಿನ ಪಠ್ಯಪುಸ್ತಕದವರೆಗೆ ಬಂದಿದೆ. ತಾಯಿ ಪಟ್ಟ ಕಷ್ಟವನ್ನು ಮಗ ಹಣದಿಂದ ತೀರಿಸಲಿಲ್ಲ. ಅವನ ಕೈಯಲ್ಲಿ ಅಷ್ಟು ಹಣ ಯಾವತ್ತೂ ಇರಲೂ ಇಲ್ಲ. ಮರೆಯದೆ ಹೆಸರು ಹೇಳಿ ತೀರಿಸಿದ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಅಂಕ ಪಡೆದ ಮಗುವಿಗೆ ಶಾಲು, ಹಾರ, ಸ್ಮರಣಿಕೆ. ಮೆಸ್ಸಿನಲ್ಲಿ ಪಾತ್ರೆ ತೊಳೆದ ಅಮ್ಮ, ಊರಲ್ಲಿ ಒಬ್ಬನೇ ಬೇಯಿಸಿಕೊಂಡು ಉಂಡ ಅಪ್ಪ, ತನ್ನ ಓದು ನಿಲ್ಲಿಸಿ ಅಂಗಡಿ ಕೆಲಸಕ್ಕೆ ಹೋದ ಅಕ್ಕ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಕೆಲವು ಮಕ್ಕಳಂತೂ ತಾಯಿ ಏನು ಕೆಲಸ ಮಾಡುತ್ತಾಳೆಂದು ಗೆಳೆಯರ ಮುಂದೆ ಹೇಳಲು ಹಿಂಜರಿಯುತ್ತಾರೆ. ಅದು ಅವರದಷ್ಟೇ ತಪ್ಪಲ್ಲ. ಆ ಕೆಲಸವನ್ನು ಗೌರವದಿಂದ ಹೆಸರಿಸುವುದನ್ನು ದೊಡ್ಡವರಾದ ನಾವೇ ಕಲಿಸಿಲ್ಲ.

ಮುಂದಿನ ಸಲ ಅಂಥ ಸಮಾರಂಭದಲ್ಲಿ ಮಗುವಿನ ಕೈಗೇ ಮೈಕ್ ಕೊಟ್ಟು, ನಿನ್ನನ್ನು ಓದಿಸಿದವರು ಯಾರು, ಅವರ ಹೆಸರೇನು, ಅವರು ಏನು ಕೆಲಸ ಮಾಡುತ್ತಾರೆ ಎಂದು ಕೇಳೋಣ. ಆ ಹೆಸರು ಎಲ್ಲರ ಕಿವಿಗೂ ಬೀಳಲಿ. ಅಂಬವ್ವನ ಮಗ ನಮಗೆ ಬಿಟ್ಟುಹೋದ ಪಾಠ ಇದೇ ಎಂಬುದು ನಮ್ಮ ಅನಿಸಿಕೆ.