ಪುಟ್ಟ ಕೈಗಳಿಗೆ ಕೆಲಸ ಕೊಟ್ಟ ಗುರು ಫ್ರೋಬೆಲ್

ಬೇಸಿಗೆ ರಜೆ ಬಂತೆಂದರೆ ನಮ್ಮ ನಗರಗಳ ಬಡಾವಣೆಗಳಲ್ಲಿ ಮಕ್ಕಳ ಶಿಬಿರಗಳು ಆರಂಭವಾಗುತ್ತವೆ. ಕಾಗದ ಮಡಚಿ ದೋಣಿ ಮಾಡುವುದು, ಬಣ್ಣದ ಪಟ್ಟಿಗಳನ್ನು ಹೆಣೆಯುವುದು, ಜೇಡಿಮಣ್ಣಿನಲ್ಲಿ ಆನೆ ತಿದ್ದುವುದು ಅಲ್ಲಿನ ನಿತ್ಯದ ಚಟುವಟಿಕೆ. ರಜೆಯ ಮನರಂಜನೆ ಎಂದು ನಾವು ಭಾವಿಸುವ ಈ ಕೆಲಸಗಳೇ ಶಿಕ್ಷಣದ ಬುನಾದಿ ಎಂದು ಸಾರಿ, ಅದಕ್ಕಾಗಿ ಜನರ ಅಪಹಾಸ್ಯವನ್ನೂ ಸರ್ಕಾರದ ನಿಷೇಧವನ್ನೂ ಎದುರಿಸಿದವರು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್.

ತಾಯಿಯಿಲ್ಲದ ಬಾಲ್ಯ

ಫ್ರೋಬೆಲ್ ಜನಿಸಿದ್ದು 1782ರ ಏಪ್ರಿಲ್ 21ರಂದು, ತುರಿಂಗಿಯಾ ಪ್ರಾಂತ್ಯದ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಮಗುವಿಗೆ ಒಂಬತ್ತು ತಿಂಗಳಾಗಿದ್ದಾಗ ತಾಯಿ ತೀರಿಕೊಂಡರು. ಮಲತಾಯಿಯ ಮನೆಯಲ್ಲಿ ಒಲವು ದೊರೆಯಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನ ಆಶ್ರಯ ದೊರೆತ ಮೇಲೆಯೇ ಬಾಲಕನಿಗೆ ಆಟವೂ ಗೆಳೆಯರೂ ಲಭಿಸಿದ್ದು. ಆಟವಿಲ್ಲದ ಬಾಲ್ಯದ ನೋವು ಅವರನ್ನು ಕೊನೆಯವರೆಗೂ ಕಾಡಿತು.

1797ರಲ್ಲಿ ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಅನಂತರ ಯೆನಾ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಸಾಲ ತೀರಿಸಲಾಗದೆ ಒಂಬತ್ತು ವಾರ ವಿಶ್ವವಿದ್ಯಾನಿಲಯದ ಬಂದೀಖಾನೆಯಲ್ಲೇ ಕಳೆಯಬೇಕಾಯಿತು. ವಾಸ್ತುಶಿಲ್ಪಿಯಾಗುವ ಆಸೆಯಿಂದ 1805ರಲ್ಲಿ ಫ್ರಾಂಕ್‌ಫರ್ಟ್‌ಗೆ ಹೋದವರು ಅಲ್ಲಿನ ಮಾದರಿ ಶಾಲೆಯೊಂದರಲ್ಲಿ ಅಧ್ಯಾಪಕರಾದರು. ತಮ್ಮ ಜಾಗ ಇದೇ ಎಂಬುದು ಅವರಿಗೆ ತರಗತಿಯಲ್ಲಿ ನಿಂತಾಗ ಅರಿವಾಯಿತು. 1808ರಿಂದ ಎರಡು ವರ್ಷ ಸ್ವಿಟ್ಜರ್‌ಲೆಂಡಿನಲ್ಲಿ ಖ್ಯಾತ ಶಿಕ್ಷಣತಜ್ಞ ಪೆಸ್ಟಲಾಟ್ಸಿ ಅವರ ಬಳಿ ಇದ್ದು ಬೋಧನಾ ಕ್ರಮವನ್ನು ಅಭ್ಯಸಿಸಿದರು.

ಸ್ಫಟಿಕ ಕಲಿಸಿದ ಪಾಠ

1813ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಸ್ವಯಂಸೇವಕ ಸೈನಿಕರಾದ ಫ್ರೋಬೆಲ್, ಯುದ್ಧಾನಂತರ ಬರ್ಲಿನ್‌ನ ಖನಿಜ ಸಂಗ್ರಹಾಲಯದಲ್ಲಿ ಸಹಾಯಕರಾದರು. ಸ್ಫಟಿಕಗಳು ಸರಳ ಆಕಾರಗಳಿಂದ ಸಂಕೀರ್ಣ ರೂಪಗಳಿಗೆ ಬೆಳೆಯುವ ನಿಯಮ ಅವರ ಮನಸ್ಸನ್ನು ಸೆಳೆಯಿತು. ಮಗುವಿನ ಬುದ್ಧಿಯೂ ಹೀಗೆಯೇ ಅರಳುತ್ತದೆ ಎಂಬ ನಂಬಿಕೆ ಬಲಿಯಿತು.

1816ರಲ್ಲಿ ಅಣ್ಣಂದಿರ ಐವರು ಮಕ್ಕಳನ್ನು ಕೂಡಿಸಿಕೊಂಡು ಗ್ರೀಸ್‌ಹೈಮ್‌ನಲ್ಲಿ ಶಾಲೆ ತೆರೆದರು. ಮರುವರ್ಷ ಅದು ಕೈಲ್‌ಹೌ ಗ್ರಾಮಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಪಾಠದ ಜೊತೆಗೆ ತೋಟದ ಕೆಲಸ, ಮರದ ತುಂಡುಗಳಿಂದ ಕಟ್ಟಡ ಕಟ್ಟುವುದು, ಕಾಗದದ ಕೆಲಸ ಎಲ್ಲಕ್ಕೂ ಸಮಾನ ಸ್ಥಾನವಿತ್ತು. ತಮ್ಮ ಚಿಂತನೆಗಳನ್ನು 1826ರಲ್ಲಿ ಮಾನವನ ಶಿಕ್ಷಣ ಕುರಿತ ಗ್ರಂಥವಾಗಿ ಪ್ರಕಟಿಸಿದರು. ಆದರೆ ರಾಜಕೀಯ ಶಂಕೆಯ ಆ ದಿನಗಳಲ್ಲಿ ಶಾಲೆಯ ಮೇಲೂ ಸಂಶಯದ ಕಣ್ಣು ಬಿದ್ದು, ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು.

ಉಡುಗೊರೆಗಳು, ಉದ್ಯೋಗಗಳು

1837ರಲ್ಲಿ ಬಾಡ್ ಬ್ಲಾಂಕನ್‌ಬುರ್ಗ್‌ನಲ್ಲಿ ಎಳೆಯ ಮಕ್ಕಳಿಗಾಗಿ ಹೊಸ ಸಂಸ್ಥೆ ಆರಂಭಿಸಿದರು. 1840ರಲ್ಲಿ ಅದಕ್ಕಿಟ್ಟ ಹೆಸರು ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ.

ಅಲ್ಲಿನ ಆಟಿಕೆಗಳನ್ನು ಫ್ರೋಬೆಲ್ ಉಡುಗೊರೆಗಳೆಂದು ಕರೆದರು. ಮೊದಲನೆಯದು ಬಣ್ಣಬಣ್ಣದ ಉಣ್ಣೆ ದಾರದ ಆರು ಚೆಂಡುಗಳು. ಎರಡನೆಯದು ಮರದ ಗೋಳ, ಸಿಲಿಂಡರ್ ಮತ್ತು ಘನ. ಮೂರನೆಯದು ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ. ಬಿಡಿಸಿ ಜೋಡಿಸುವಾಗ ಮಗು ಅರ್ಧ, ಕಾಲು, ಅರೆಕಾಲುಗಳ ಲೆಕ್ಕವನ್ನು ಪುಸ್ತಕವಿಲ್ಲದೆಯೇ ಕಲಿಯುತ್ತದೆ.

ಉದ್ಯೋಗಗಳೆಂದರೆ ಕರಕುಶಲ ಕೆಲಸಗಳು. ಕಾಗದ ಮಡಚುವುದು, ಕತ್ತರಿಸುವುದು, ಚಾಪೆಯಂತೆ ಹೆಣೆಯುವುದು, ಹೊಲಿಯುವುದು, ಮಣ್ಣಿನ ಬೊಂಬೆ ಮಾಡುವುದು ಇವುಗಳಲ್ಲಿ ಸೇರಿದ್ದವು. ನೆನೆಸಿದ ಬಟಾಣಿಗೆ ಸಣ್ಣ ಕಡ್ಡಿಗಳನ್ನು ಚುಚ್ಚಿ ಮನೆ, ಗೋಪುರ ಕಟ್ಟುವ ಕೆಲಸವೂ ಇತ್ತು. ಬಟಾಣಿ ಒಣಗಿದಂತೆ ಕಡ್ಡಿಯನ್ನು ಬಿಗಿಯಾಗಿ ಹಿಡಿಯುವುದರಿಂದ ಕಟ್ಟಡ ಗಟ್ಟಿಯಾಗುತ್ತದೆ. ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡದೆ ನಿಲ್ಲುತ್ತದೆ ಎಂಬ ಎಂಜಿನಿಯರಿಂಗ್ ಪಾಠ ಮಗುವಿನ ಬೆರಳಿಗೇ ತಿಳಿಯುತ್ತದೆ. ಒಂದು ಹಿಡಿ ಬಟಾಣಿ, ನಾಲ್ಕಾರು ಪೊರಕೆ ಕಡ್ಡಿಗಳಿದ್ದರೆ ಇಂದೂ ಯಾವ ಮನೆಯಲ್ಲಾದರೂ ಇದನ್ನು ಮಾಡಿನೋಡಬಹುದು.

ನಿಷೇಧದ ಆಘಾತ

ಹಳ್ಳಿಯ ಮಕ್ಕಳೊಂದಿಗೆ ಕುಣಿದು ಆಡುವ ಮುದುಕರನ್ನು ಕಂಡು ಜನ ನಕ್ಕರು. ಫ್ರೋಬೆಲ್ ಅದನ್ನು ಲೆಕ್ಕಿಸಲಿಲ್ಲ. ಯುವತಿಯರನ್ನು ಶಿಕ್ಷಕಿಯರಾಗಿ ತರಬೇತುಗೊಳಿಸುವ ಕಾರ್ಯವನ್ನು ಮುಂದುವರಿಸಿದರು. ಆದರೆ 1851ರ ಆಗಸ್ಟ್‌ನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ನಾಸ್ತಿಕತೆ ಮತ್ತು ಸಮಾಜವಾದವನ್ನು ಬಿತ್ತುತ್ತಿವೆ ಎಂಬುದು ಆರೋಪ. ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಅವರ ಬರಹವನ್ನು ಇವರ ವಿಚಾರಗಳೊಂದಿಗೆ ಬೆರೆಸಿಕೊಂಡ ಗೊಂದಲ ಇದರ ಹಿಂದಿತ್ತು. ಮನವಿಗಳು ಫಲಿಸಲಿಲ್ಲ. 1852ರ ಜೂನ್ 21ರಂದು ಮರಿಯಂಟಾಲ್‌ನಲ್ಲಿ ಫ್ರೋಬೆಲ್ ನಿಧನರಾದರು. ನಿಷೇಧ ತೆರವಾದದ್ದು 1860ರಲ್ಲಿ. ಆ ಸುದ್ದಿ ಕೇಳಲು ಅವರಿರಲಿಲ್ಲ.

ಅಳಿಯದ ಬೀಜ

ಅಷ್ಟರಲ್ಲಿ ಬೀಜ ಗಡಿ ದಾಟಿತ್ತು. 1856ರಲ್ಲಿ ಮಾರ್ಗರೆಟ್ ಶುರ್ಟ್ಸ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಿಂಡರ್‌ಗಾರ್ಟನ್ ತೆರೆದರು. ಫ್ರೋಬೆಲ್ ವಿಚಾರಗಳಿಂದ ಪ್ರಭಾವಿತರಾದ ಊನೊ ಸಿಗ್ನೇಯಸ್ ಅವರ ಶ್ರಮದಿಂದ 1866ರಲ್ಲಿ ಫಿನ್ಲೆಂಡಿನ ಜನಶಾಲೆಗಳಲ್ಲಿ ಕರಕುಶಲ ವಿದ್ಯೆ ಪಠ್ಯದ ಭಾಗವಾಯಿತು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಫ್ರೋಬೆಲ್ ಆಟಿಕೆಗಳನ್ನು ಕಂಡ ತಾಯಿಯೊಬ್ಬರು ಒಂಬತ್ತು ವರ್ಷದ ಮಗನಿಗೆ ಅವನ್ನು ತಂದುಕೊಟ್ಟರು. ಆ ಬಾಲಕನೇ ಮುಂದೆ ಜಗದ್ವಿಖ್ಯಾತ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ತಮ್ಮ ಕಲೆಯ ಮೂಲ ಆ ಮರದ ತುಂಡುಗಳಲ್ಲಿದೆ ಎಂದು ಅವರು ಕೊನೆಯವರೆಗೂ ಸ್ಮರಿಸಿದರು.

ಶ್ವೈನಾ ಗ್ರಾಮದಲ್ಲಿರುವ ಫ್ರೋಬೆಲ್ ಸಮಾಧಿಯ ಮೇಲೆ ಕಲ್ಲಿನ ಘನ, ಅದರ ಮೇಲೆ ಸಿಲಿಂಡರ್, ತುದಿಯಲ್ಲಿ ಗೋಳ ನಿಂತಿವೆ. ಮಕ್ಕಳ ಆಟಿಕೆಯೇ ಅವರ ಸ್ಮಾರಕ.

ನಮ್ಮ ಎಲ್‌ಕೆಜಿ, ಯುಕೆಜಿಗಳಲ್ಲಿರುವ ಕೆಜಿ ಎಂಬ ಎರಡಕ್ಷರ ಇದೇ ಮಕ್ಕಳ ತೋಟದ ನೆನಪು. ಆ ತೋಟದಲ್ಲಿ ಪುಸ್ತಕದ ಹೊರೆ ಇರಲಿಲ್ಲ, ಮಣ್ಣು ಮೆತ್ತಿದ ಪುಟ್ಟ ಕೈಗಳಿದ್ದವು. ಮಗುವನ್ನು ಕೆಜಿ ತರಗತಿಗೆ ಸೇರಿಸುವ ತಂದೆ ತಾಯಿಯರು ಇದನ್ನೊಮ್ಮೆ ನೆನೆದರೆ, ಫ್ರೋಬೆಲ್ ಪಟ್ಟ ಪಾಡು ಸಾರ್ಥಕವಾದೀತು.